ಮೂವತ್ತು ದಿನದ ಟೋಕನ್

ಮಾರ್ಚ್ 3, ಬೆಳಿಗ್ಗೆ 10

ಏಜೆನ್ಸಿಯೊಂದಕ್ಕೆ ನಾನು ಬರೆದ ಹೋಮ್ ನರ್ಸ್‌ಗಳ ಡ್ಯೂಟಿ ಆ್ಯಪ್. ಇವತ್ತೂ ಅದೇ ದೂರು. ಮ್ಯಾನೇಜರಮ್ಮನ ಫೋನು: "ಗಳಿಗೆಗೊಂದ್ಸಲ ಪಾಸ್‌ವರ್ಡ್ ಕೇಳುತ್ತೆ. ಗ್ಲೌಸ್ ಹಾಕ್ಕೊಂಡು ಟೈಪ್ ಮಾಡೋದು ಹೆಂಗಪ್ಪಾ?" ನ್ಯಾಯವೇ. ಒಮ್ಮೆ ಲಾಗಿನ್ ಆದರೆ ಫೋನಿಗೊಂದು ಟೋಕನ್. ಅವಧಿ ಮುಗಿಯುವವರೆಗೆ ಸರ್ವರ್ ಮತ್ತೇನೂ ಕೇಳದೆ ಒಳಗೆ ಬಿಡುತ್ತದೆ. ಹದಿನೈದು ನಿಮಿಷವಿದ್ದ ಅವಧಿಯನ್ನು ಮೂವತ್ತು ದಿನ ಮಾಡಿದೆ. ಒಂದೇ ಸಾಲು. ಸಂಜೆಯೊಳಗೆ ಮ್ಯಾನೇಜರಮ್ಮನ ಪಾಲಿಗೆ ನಾನೇ ದೇವರು.

ಮಾರ್ಚ್ 9

ಅಕ್ಕ ಬಂದಿದ್ದಾಳೆ. ಒಂದೇ ಚೀಲ. ತುಟಿ ಒಡೆದಿದೆ. ಇನ್ನು ಭಾವನ ಮನೆಗೆ ಹೋಗುವುದಿಲ್ಲವಂತೆ. ಇವಳೂ ಅದೇ ಏಜೆನ್ಸಿಯ ನರ್ಸ್. ಫೋನು ಅಲ್ಲೇ ಉಳಿದಿದೆ.

"ಅದ್ರಲ್ಲಿ ನನ್ ಡ್ಯೂಟಿ ಅಡ್ರೆಸ್ಸೆಲ್ಲಾ ಕಾಣ್ಸುತ್ತಲ್ಲೋ?"

"ಪಾಸ್‌ವರ್ಡ್ ಬದಲಾಯಿಸಿದೀನಿ ಬಿಡಕ್ಕ. ಇನ್ನೇನೂ ಕಾಣಲ್ಲ."

ನಂಬಿದಳು. ನಾನೂ ನಂಬಿದೆ.

ಮಾರ್ಚ್ 17, ಮಧ್ಯಾಹ್ನ

ರೋಗಿಯ ಮನೆ ಗೇಟಿನಲ್ಲಿ ಭಾವ ನಿಂತಿದ್ದನಂತೆ. ನಿನ್ನೆಯಷ್ಟೇ ಸಿಕ್ಕ ಡ್ಯೂಟಿ! ತೋಳು ಹಿಡಿದು ಎಳೆದಿದ್ದಾನೆ. ಆ ಮನೆಯ ಡ್ರೈವರ್ ಬಿಡಿಸಿದ.

"ಅವಳೊಬ್ಬಳಿಗೇ ಹೇಳಿದ್ದೆ ಕಣೋ. ಅವಳೇ ಬಾಯಿ ಬಿಟ್ಟಿರ್ಬೇಕು."

ಅವಳು ಎಂದರೆ ಜೊತೆಯ ನರ್ಸ್. ಹತ್ತು ವರ್ಷದ ಗೆಳತಿ.

ಮಾರ್ಚ್ 18, 11 ಗಂಟೆ

ಯಾವ ಫೋನು ಯಾವಾಗ ಒಳಬಂತೆಂದು ತೋರಿಸುವ ಲಾಗ್ ತೆಗೆದೆ. ಅಕ್ಕನ ಖಾತೆ, ಹಳೆಯ ಫೋನು. ದಿನಾ ಬೆಳಿಗ್ಗೆ ಏಳಕ್ಕೆ ಆ್ಯಪ್ ತೆರೆದಿದೆ. ಒಂಬತ್ತು ದಿನ... ಪಾಸ್‌ವರ್ಡ್ ಬದಲಾದರೂ ಹಳೆಯ ಟೋಕನ್ ರದ್ದಾಗಿಲ್ಲ. ರದ್ದು ಮಾಡುವ ಕೋಡನ್ನೇ ನಾನು ಬರೆದಿರಲಿಲ್ಲ. "ಆಮೇಲೆ" ಎಂದು ಕಾಮೆಂಟ್ ಹಾಕಿ ಕೈತೊಳೆದುಕೊಂಡಿದ್ದೆ.

ಸರ್ವರಿನ ಕೀ ಬದಲಾಯಿಸಿ ಎಲ್ಲರ ಟೋಕನ್ನನ್ನೂ ಒಂದೇ ಏಟಿಗೆ ರದ್ದು ಮಾಡಿದೆ. ನಲವತ್ತು ನರ್ಸ್‌ಗಳು ಮತ್ತೆ ಲಾಗಿನ್. ಬೈಗುಳದ ಸುರಿಮಳೆ. ಬೈಯಲಿ.

ಅಕ್ಕನಿಗೆ ಹೇಳಲಿಲ್ಲ.

ಮಾರ್ಚ್ 22

ಗೆಳತಿ ಬಂದಿದ್ದಳು, ಕಣ್ಣು ಊದಿಸಿಕೊಂಡು. ಅಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ. "ಅಕ್ಕಂಗೆ ಹುಷಾರಿಲ್ಲ" ಎಂದು ನಾನೇ ಸಾಗಹಾಕಿದೆ. ನಾಲ್ಕು ದಿನದಿಂದ ಮುಚ್ಚಿಟ್ಟಿದ್ದೇನೆ. ಹೇಡಿ ನಾನು.

ಮಾರ್ಚ್ 23, ಬೆಳಿಗ್ಗೆ 8

ಅಕ್ಕ ಎದುರಿಗೇ ಕೂತು ಮ್ಯಾನೇಜರಮ್ಮನಿಗೆ ದೂರು ಬರೆಯುತ್ತಿದ್ದಾಳೆ, ಗೆಳತಿಯ ಮೇಲೆ. ಇದು ತಲುಪಿದರೆ ಆಕೆಯ ಕೆಲಸ ಹೋದಂತೆಯೇ. ಅರ್ಧ ಪುಟ ಆಗಿದೆ. ಅವಳ ಪೆನ್ನಿನ ಇಂಕು ಮುಗಿಯಿತು.

"ನಿಂದು ಕೊಡೋ ಇಲ್ಲಿ."

ಕೊಡುವುದಿಲ್ಲ. ನಾನು ಇದನ್ನು ಬರೆಯುತ್ತಿರುವ ಪೆನ್ನಿಗೇ ಕೈ ಹಾಕಿದ್ದಾಳೆ. ಈಗಲೇ ಹೇಳಿಬಿಡುತ್ತೇನೆ. ಅಕ್ಕಾ, ಅಡ್ರೆಸ್ ಕೊಟ್ಟದ್ದು ಅವಳಲ್ಲ, ನಾ