ಸತ್ತವರಿಗೆ ಹೇಳಬಹುದಾದ ಮೊದಲ ಕಂತು

ಕೆಳಪೇಟೆ, ಮೂರನೆಯ ಓಣಿ
ಕ್ರಿ.ಶ. ೨೩೮೭, ನಡು ಆಷಾಢದ ನಲವತ್ತೊಂದನೆಯ ದಿನ

ಹಿಂದಿನವರೇ,

ಆಷಾಢಕ್ಕೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಬಿಸಿಲು ಉದ್ದವಾಯಿತು, ಅದರ ಜೊತೆಗೆ ತಿಂಗಳುಗಳನ್ನೂ ಎಳೆದು ಉದ್ದ ಮಾಡಿದೆವು, ಅಷ್ಟೆ. ನನ್ನ ಕನ್ನಡದಲ್ಲಿ ನಿಮಗೆ ಗುರುತಿಲ್ಲದ ಕೆಲವು ಮಾತುಗಳು ಬರಬಹುದು, ಕ್ಷಮಿಸಿ. ನಿಮ್ಮ ಕಾಲದ್ದನ್ನು ಓದುವಾಗ ನನಗೂ ಹೀಗೇ ಆಗುತ್ತದೆ. "ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನೀವು ಊಟ ಮಾಡಿ" ಎಂಬ ವಾಕ್ಯ ನಿಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಟ್ರಾಫಿಕ್ ಎಂಬುದು ಮನುಷ್ಯರನ್ನು ಹಿಡಿಯುವ ಒಂದು ಬಗೆಯ ಬಲೆ ಎಂದು ನಮ್ಮ ವಿದ್ವಾಂಸರು ತೀರ್ಮಾನಿಸಿದ್ದಾರೆ.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಕಾಲದಲ್ಲಿ ಹಿಂದಕ್ಕೆ ಮಾತ್ರ ಹೋಗುವ ಅಂಚೆ. ತಲುಪುತ್ತದೆಯೇ ಎಂದು ಕೇಳಿದ್ದಕ್ಕೆ ಅಲ್ಲಿ ಕೂತಿದ್ದವಳು, "ತಲುಪಲಿಲ್ಲ ಅಂತ ಇದುವರೆಗೆ ಒಬ್ಬರೂ ದೂರು ಕೊಟ್ಟಿಲ್ಲಮ್ಮ" ಎಂದಳು.

ನಿಮಗೇ ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಹೇಳಲು ಸ್ವಲ್ಪ ಮುಜುಗರ. ಮೊನ್ನೆ ನಾನು, ಕೈಯಲ್ಲಿ ಬರೆದ ಚಿತ್ರಗಳೇ ನಡೆದಾಡುವ ಒಂದು ಹೊಸ ಚಿತ್ರಮಾಲೆಯ ಮೊದಲ ಕಂತು ನೋಡಿದೆ. ಅದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಬಿರಿಯುವ ಹಾಗಿದೆ. ಬದುಕಿರುವವರಿಗೆ ಹೇಳುವಂತಿಲ್ಲ. ನೀವು, ತಪ್ಪು ತಿಳಿಯಬೇಡಿ, ನಮ್ಮ ಲೆಕ್ಕದಲ್ಲಿ ಸತ್ತು ಬಹಳ ಕಾಲವಾಯಿತು.

ನಮ್ಮ ಊರಿನ ರೀತಿ ತಿಳಿಸಿದರೆ ನಿಮಗೆ ಅರ್ಥವಾಗುತ್ತದೆ. ಕೋಲಾರದ ಸೀಮೆಯಲ್ಲಿ ನಿಮ್ಮ ಹಿರಿಯರು ಚಿನ್ನ ಹುಡುಕಿ ತೋಡಿದ ಸುರಂಗಗಳಿಗೆ ನಾವು ತಂಪು ಹುಡುಕಿ ಇಳಿದೆವು. ಓಣಿ, ಅಂಗಡಿ, ಶಾಲೆ, ರಾಗಿ ಬೀಸುವ ಜಾಗ ಎಲ್ಲ ನೆಲದಡಿಯಲ್ಲೇ ಇವೆ. ಮೇಲಿನ ಬಿಸಿಲನ್ನು ಹಿಡಿದು ಕೆಳಗೆ ಬೆಳಕಾಗಿ ಹಂಚುತ್ತೇವೆ. ಕತ್ತಲೆ ಬೇಕಾದಷ್ಟು, ಬೆಳಕು ಅಳತೆಗೆ. ಚಿತ್ರ ತೋರಿಸುವ ಬೆಳಕುಗೂಡು ಊರಿಗೆಲ್ಲ ಒಂದೇ. ಅದು ಕುಡಿಯುವ ಬೆಳಕಿಗೆ ದಿನಕ್ಕೆ ಒಂದು ಸಲ, ಕೆಲವೇ ಜನರಿಗೆ ತೋರಿಸಲು ಮಾತ್ರ ಸಾಧ್ಯ. ಹಾಗಾಗಿ ಮಡಕೆಯಲ್ಲಿ ಚೀಟಿ ಹಾಕಿ, ಕಲಸಿ, ಮೇಲಿನಿಂದ ಎತ್ತುತ್ತಾರೆ. ಚೀಟಿ ಮನೆಗಲ್ಲ, ಆಳಿಗೆ; ಅದರ ಜೋಡಿ ಚೂರು ಅವರವರ ಕೈಯಲ್ಲಿರುತ್ತದೆ. ಒಂದೇ ಮನೆಯಲ್ಲಿ ಗಂಡ ಇವತ್ತು ನೋಡಿದರೆ ಹೆಂಡತಿ ಬರುವ ತಿಂಗಳು ನೋಡುತ್ತಾಳೆ.

ಇದರಿಂದ ಹುಟ್ಟಿದ್ದು ಬಾಯಿಕಟ್ಟು. ಊರಿನ ಕೊನೆಯ ಮನುಷ್ಯ ನೋಡಿ ಬರುವವರೆಗೆ, ನೋಡಿದವರು ನೋಡದವರಿಗೆ ಕಥೆ ಹೇಳಬಾರದು. ನೋಡಿದವರು ಮುಂಗೈಗೆ ಅರಿಸಿನದ ದಾರ ಕಟ್ಟಿಕೊಳ್ಳಬೇಕು. ಬಾಯಿ ಬಿಟ್ಟರೆ ಶಿಕ್ಷೆ ಬಿಟ್ಟವರಿಗಲ್ಲ. ಅವರ ಓಣಿಯಲ್ಲಿ ನೋಡದೆ ಉಳಿದವರೆಲ್ಲರ ಚೀಟಿ ಮಡಕೆಯ ತಳಕ್ಕೆ ಹೋಗುತ್ತದೆ. ಇದನ್ನು ಕಾಯಲು ಪ್ರತಿ ಓಣಿಗೊಬ್ಬ ಓಣಿಕಿವಿ ಇರುತ್ತಾನೆ. ನಮ್ಮ ಓಣಿಕಿವಿ ಗವಿಯಪ್ಪ ಒಳ್ಳೆಯ ಮನುಷ್ಯ, ಆದರೆ ಗೋಡೆಗೆ ಒರಗಿ ಒರಗಿ ಅವನ ಬಲಗಿವಿ ಚಪ್ಪಟೆಯಾಗಿದೆ.

ನಿಯಮದ ಮಾತು ಹೀಗಿದೆ: "ಬದುಕಿರುವ ಯಾರಿಗೂ, ಇನ್ನು ಹುಟ್ಟಲಿರುವ ಯಾರಿಗೂ ಹೇಳತಕ್ಕದ್ದಲ್ಲ." ಎರಡನೆಯ ಭಾಗ ಮೊದಲು ಇರಲಿಲ್ಲ. ಒಬ್ಬಾತ ತನ್ನ ಬಸುರಿ ಹೆಂಡತಿಯ ಹೊಟ್ಟೆಯ ಹತ್ತಿರ ಬಾಯಿಟ್ಟು ಇಡೀ ಕಂತನ್ನು ಹೇಳಿ, ನಾನು ಹೇಳಿದ್ದು ಮಗುವಿಗೆ ಎಂದು ವಾದಿಸಿದ ಮೇಲೆ ಸೇರಿಸಿದರು. ಸತ್ತವರ ವಿಷಯದಲ್ಲಿ ನಿಯಮ ಸುಮ್ಮನಿದೆ.

ಈಗ ಕಂತಿನ ವಿಷಯ. ಅಲ್ಲಿಗೆ ಹೋಗುವಾಗ ನನಗೆ ನಂಬಿಕೆ ಇರಲಿಲ್ಲ. ಇದೇ ಚಿತ್ರಶಾಲೆಯವರ ಹಿಂದಿನ ಮಾಲೆಯನ್ನು ನಾವು ವರ್ಷಗಟ್ಟಲೆ ನೋಡಿದ್ದೆವು. ಕೊನೆಗೆ ಯುದ್ಧ, ಮದುವೆ, ಶಾಪ ಎಲ್ಲವೂ ಒಂದು ಗಿಳಿಯ ಕನಸು ಎಂದುಬಿಟ್ಟರು. ಆ ವರ್ಷ ಕೆಳಪೇಟೆಯಿಂದ ಆ ಚಿತ್ರಗಾರರಿಗೆ ಒಂದು ಹಿಡಿ ರಾಗಿಯೂ ಹೋಗಲಿಲ್ಲ. ಹೊಸ ಮಾಲೆಯ ಹೆಸರು "ಹೊಳೆ ಎಬ್ಬಿಸುವವಳು". ಶುರುವಿನಲ್ಲಿ ಬಹಳ ಹೊತ್ತು ಹುಲ್ಲು, ಹುಲ್ಲಿನ ಮೇಲೆ ಗಾಳಿ, ಮತ್ತೇನೂ ಇಲ್ಲ. ಊರಿನ ಬೆಳಕನ್ನು ಹೀಗೆ ಪೋಲು ಮಾಡುತ್ತಾರಲ್ಲ ಎಂದು ಸಿಟ್ಟು ಬಂತು. ಆಮೇಲೆ ನೋಡುತ್ತೇನೆ, ಎಲ್ಲ ಹುಲ್ಲೂ ಒಂದು ಕಡೆ ಬಾಗಿದರೆ ಒಂದೇ ಒಂದು ಎಸಳು ಗಾಳಿಗೆ ಎದುರಾಗಿ ಅಲ್ಲಾಡುತ್ತಿದೆ. ಅದು ಎಸಳಲ್ಲ, ಎಮ್ಮೆಯ ಕಿವಿ. ಅಲ್ಲಿಂದ ನಾನು ಕೂತಲ್ಲಿ ಅಲ್ಲಾಡಲಿಲ್ಲ.

ಆ ನಾಡಿನಲ್ಲಿ ಹೊಳೆಗಳು ಮಲಗಿಬಿಟ್ಟಿವೆ. ಒಂದೊಂದನ್ನೂ ಅದರ ಗುಟ್ಟಿನ ಹೆಸರು ಹಿಡಿದು ಕೂಗಿ ಎಬ್ಬಿಸಬೇಕು. ಎಬ್ಬಿಸುವವಳು ಕೆಂಚಾಂಬೆ. ವಯಸ್ಸು ನಲವತ್ತೊಂಬತ್ತು, ಮಂಡಿನೋವು, ಹೆಸರುಗಳು ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುತ್ತವೆ. ನಾಡನ್ನು ಉಳಿಸಲು ಕರೆ ಬಂದಾಗ ಅವಳು ಖಡ್ಗ ಎತ್ತುವುದಿಲ್ಲ. "ಒಲೆ ಆರಿಸಿ ಬರ್ತೀನಿ, ಒಂದು ನಿಮಿಷ" ಎನ್ನುತ್ತಾಳೆ. ಜೀವಮಾನವಿಡೀ ಹದಿನಾರರ ವೀರರನ್ನೇ ನೋಡಿದ ನನಗೆ ಕಣ್ಣು ಒದ್ದೆಯಾಯಿತು. ಅವಳು ಏರುವ ಎಮ್ಮೆಯ ಹೆಸರು ಸುಬ್ಬಿ. ಅದು ಹಾರುತ್ತದೆ, ಆದರೆ ಬೈದರೆ ಮಾತ್ರ. ಹೊಗಳಿದರೆ ಅಲ್ಲೇ ಕೂರುತ್ತದೆ. ರಾಕ್ಷಸ ವಿನಯಾಸುರ. ಅವನಿಗೆ ಕೋರೆಹಲ್ಲಿಲ್ಲ, ಕೈಮುಗಿದುಕೊಂಡೇ ಇರುತ್ತಾನೆ. ಅರಮನೆಗೆ ಊಟಕ್ಕೆ ಬಂದು, "ನೀವು ಮೊದಲು, ಛೇ ಛೇ, ನೀವು ಮೊದಲು" ಎಂದು ಹೇಳುತ್ತಲೇ ಕೂರುತ್ತಾನೆ. ಅತಿಥಿಗಿಂತ ಮೊದಲು ತುತ್ತೆತ್ತಲಾಗದೆ ಇಡೀ ರಾಜವಂಶ ಎಲೆಯ ಮುಂದೆ ಹಸಿದು ಬೀಳುತ್ತದೆ. ಇಷ್ಟು ಹೆದರಿಸಿದ ರಾಕ್ಷಸನನ್ನು ನಾನು ಹಿಂದೆ ಕಂಡಿಲ್ಲ. ನಮ್ಮ ಬೀಗರ ಪೈಕಿ ಇಬ್ಬರ ನೆನಪಾಯಿತು.

ದೋಷವೂ ಇದೆ. ಹಾಡು ಎರಡು ಹೆಚ್ಚಾಯಿತು. ಮಂತ್ರಿಯ ಧ್ವನಿ ಅವನ ಬಾಯಿಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಹೊನ್ನಿಯೂ ಕಂತನ್ನು ನೋಡಿದ್ದಾಳೆ. ಅವಳ ಜೊತೆ ಬಾಗಿಲು ಹಾಕಿಕೊಂಡು ಮಾತಾಡಲು ಅಡ್ಡಿಯಿಲ್ಲ. ಆದರೆ ಅವಳದು ಒಂದೇ ರಾಗ: "ಕೆಂಚಾಂಬೆ ಕಣ್ಣು ದೊಡ್ಡದಾಯ್ತು ಕಣೇ ಪದುಮಿ, ಕೆನ್ನೆಗೆ ಜಾಗವೇ ಬಿಟ್ಟಿಲ್ಲ." ನೋಡಿದವರ ಜೊತೆ ಚರ್ಚೆ ಮಾಡಬಹುದು, ಕಥೆ ಹೇಳಲಾಗುವುದಿಲ್ಲ. ಹೇಳಲು ನೋಡದವರೇ ಬೇಕು. ನನಗೆ ಬೇಕಾಗಿದ್ದದ್ದು ಅದು, "ಆಮೇಲೆ?" ಎನ್ನುವ ಒಂದು ಮುಖ.

ಆ ಮುಖ ನಮ್ಮ ಮನೆಯಲ್ಲೇ ಇದೆ. ನನ್ನ ಸೋದರತ್ತೆ ಮುನಿಯತ್ತೆಗೆ ತೊಂಬತ್ತು ದಾಟಿದೆ. ನಾವಿಬ್ಬರೇ ಇರುವುದು. ಅವಳ ಸರದಿ ಇನ್ನೂ ಬಂದಿಲ್ಲ. ಬೆಳಕುಗೂಡಿನ ಮುಂದೆ ಅಂಟಿಸಿರುವ ಒಂದೇ ಚಿತ್ರ, ಎಮ್ಮೆಯ ಮೇಲೆ ಕೂತ ಹೆಂಗಸು, ಅವಳಿಗೆ ಗೊತ್ತು. ನಾನು ನೋಡಿ ಬಂದ ಸಂಜೆಯಿಂದಲೇ ಶುರುವಾಯಿತು.

"ನನ್ನ ಸರದಿ ಬರೋಷ್ಟರಲ್ಲಿ ಇರ್ತೀನೋ ಇಲ್ವೋ. ಹೇಳೇ."

"ಅತ್ತೆ, ಇಡೀ ಓಣಿಯ ಚೀಟಿ ತಳಕ್ಕೆ ಹೋಗುತ್ತೆ. ನಿನ್ನದೂ."

"ನಾನು ಅರ್ಧ ಸತ್ತೋಳು. ಅರ್ಧ ಕಥೆ ಹೇಳು, ನ್ಯಾಯ ಅಲ್ವಾ?"

ನಾನು ಬಗ್ಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಗವಿಯಪ್ಪನನ್ನೇ ಮನೆಗೆ ಕರೆಸಿ, "ನನ್ನ ಸತ್ತೋರ ಲೆಕ್ಕಕ್ಕೆ ಸೇರಿಸ್ಕೊಳಪ್ಪ" ಎಂದಳು. ಅವನು ಗಂಭೀರವಾಗಿ ಯೋಚಿಸಿ, "ಸೇರಿಸ್ಕೊಳ್ಬಹುದು ಅಜ್ಜಿ. ಸತ್ತೋರಿಗೆ ಚೀಟಿ ಇರಲ್ಲ, ಅದನ್ನ ವಾಪಸ್ ಕೊಟ್ಬಿಡಿ" ಎಂದ. ಮುನಿಯತ್ತೆ ಚೀಟಿ ಕಟ್ಟಿಟ್ಟಿದ್ದ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು, "ಹಂಗಾದ್ರೆ ಬದುಕಿದೀನಿ ಬಿಡು" ಎಂದಳು.

ಆಮೇಲೆ ಹೊಸ ಉಪಾಯ. "ನೀನು ಬಾಯಿ ಬಿಡಬೇಡ. ಆ ಹೆಂಗಸು ಎಮ್ಮೆಯಿಂದ ಬೀಳೋದಾದ್ರೆ ಇವತ್ತು ಹುಳಿ ಮಾಡು. ಬೀಳ್ದಿದ್ರೆ ಬಸ್ಸಾರು." ನಾನು ಎರಡನ್ನೂ ಬಿಟ್ಟು ಉಪ್ಪಿಟ್ಟು ಮಾಡಿದೆ. ತಟ್ಟೆಯನ್ನು ಬಹಳ ಹೊತ್ತು ನೋಡಿ ಕೇಳಿದಳು: "ಉಪ್ಪಿಟ್ಟು ಅಂದ್ರೆ ಏನೇ? ಎಮ್ಮೆನೇ ಬೀಳತ್ತಾ?"

ಹಿಂದಿನವರೇ, ಎಮ್ಮೆಯೇ ಬೀಳುತ್ತದೆ. ನಾನು ನೀರು ತರುವ ನೆವ ಮಾಡಿ ಅಡುಗೆಮನೆಗೆ ಓಡಿದೆ. ಅಲ್ಲಿ ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕ ಮೇಲೆ ಹೆದರಿಕೆಯಾಯಿತು. ಗವಿಯಪ್ಪನಿಗೆ ಕೇಳಿಸಿದ್ದರೆ ಅವಳ ಚೀಟಿ ತಳಕ್ಕೆ ಹೋಗುತ್ತಿತ್ತು, ಮತ್ತು ಈ ವಯಸ್ಸಿನಲ್ಲಿ ಮಡಕೆಯ ತಳ ಬಹಳ ಆಳ. ಹೇಳಿದರೂ ಅವಳಿಗೆ ಮೋಸ, ಹೇಳದಿದ್ದರೂ ಮೋಸವಾಗಬಹುದು. ಅಂದೇ ಈ ಕಾಗದಕ್ಕೆ ಕೂತೆ.

ಮೇಲಿನದನ್ನು ಬರೆದು ಕೆಲವು ವಾರವಾಯಿತು. ಅಂಚೆಗೆ ಹಾಕುವ ಮೊದಲು ನಡೆದದ್ದನ್ನೂ ಸೇರಿಸುತ್ತೇನೆ. ಮುನಿಯತ್ತೆಯ ಸರದಿ ಬಂತು. ಸಂದೂಕದ ಸೀರೆ ಉಟ್ಟಳು, ಹೊನ್ನಿಯ ಮಗಳಿಂದ ಹೂ ತರಿಸಿಕೊಂಡಳು. ಎತ್ತುಬುಟ್ಟಿಯಲ್ಲಿ, ಅಂದರೆ ಮುದುಕರನ್ನು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಎಳೆಯುವ ಬುಟ್ಟಿಯಲ್ಲಿ, ರಾಣಿಯ ಹಾಗೆ ಕೂತು ಹೋದಳು. ನಾನು ಮನೆಯಲ್ಲಿ ಕೂತಲ್ಲಿ ಕೂರಲಾರದೆ ಇದ್ದೆ.

ಕರೆತಂದವನು ಗವಿಯಪ್ಪ. ಅವನ ಮುಖ ಸಣ್ಣಗಾಗಿತ್ತು. "ಅಕ್ಕ, ಹುಲ್ಲು ಬರೋ ಹೊತ್ತಿಗೇ ನಿದ್ದೆ ಹೋದರು. ಗೊರಕೆ ನಾನೇ ಕೇಳಿದೆ. ಎಬ್ಬಿಸೋಣ ಅಂದ್ರೆ ನನ್ನ ಕೈಗೇ ಹೊಡೆದರು."

"ತಂಪಾಗಿತ್ತು ಕಣೋ," ಎಂದಳು ಮುನಿಯತ್ತೆ, "ಕಣ್ಣು ಎಳೀತು."

ನನಗೆ ಅಳು ಬಂತು. ಇನ್ನೊಂದು ಚೀಟಿ ಕೊಡಿಸಲಾಗುವುದೇ ಎಂದು ಕೇಳಿದೆ. ಗವಿಯಪ್ಪ ಇಲ್ಲವೆಂದು ತಲೆಯಾಡಿಸಿದ. "ಗೂಡಿನೊಳಗೆ ಹೋಗಿ ಬಂದೋರು ನೋಡಿದೋರೇ. ಕಣ್ಣು ತೆಗೆದಿದ್ರಾ ಮುಚ್ಚಿದ್ರಾ ಅಂತ ನಿಯಮ ಕೇಳಲ್ಲ." ಅವಳ ಮುಂಗೈಗೆ ದಾರ ಕಟ್ಟಿ, ಹೊಸ್ತಿಲು ದಾಟಿ, ಮತ್ತೆ ತಲೆ ಒಳಗೆ ಹಾಕಿ ಹೇಳಿದ: "ನೋಡಿದೋರ ಮನೆಯಲ್ಲಿ ನೋಡಿದೋರು ಏನು ಮಾತಾಡಿದ್ರೂ ನನಗೆ ಕೇಳಿಸಲ್ಲ."

ಬಾಗಿಲು ಹಾಕಿದೆ. ಮುನಿಯತ್ತೆ ಮಂಚದ ಮೇಲೆ ಕಾಲು ನೀಡಿ, ಕಣ್ಣು ಮುಚ್ಚಿ, "ಇನ್ನೇನು ಅಡ್ಡಿ? ಶುರು ಮಾಡು" ಎಂದಳು.

ಹುಲ್ಲಿನಿಂದ ಶುರು ಮಾಡಿದೆ. ಗಾಳಿಯನ್ನು ಬಾಯಲ್ಲಿ ಊದಿ ತೋರಿಸಿದೆ. ಕೆಂಚಾಂಬೆಯ ಕುಂಟುನಡಿಗೆ ನಡೆದೆ, ವಿನಯಾಸುರನಾಗಿ ಕೈಮುಗಿದು ಮಂಚದ ಸುತ್ತ ಬಂದೆ, ಎಮ್ಮೆಯನ್ನು ಬೈಯುವ ಬೈಗುಳಗಳನ್ನು ಒಂದೂ ಬಿಡದೆ ಬೈದೆ. ಅವಳು ಎಲ್ಲಿ ಬೇಕೋ ಅಲ್ಲಿ "ಆಮೇಲೆ?" ಎಂದಳು. ಇಷ್ಟು ದಿನ ಒಳಗೆ ಕಟ್ಟಿಕೊಂಡದ್ದೆಲ್ಲ ಹೊರಗೆ ಹರಿಯಿತು. ಕೊನೆಗೆ ಆ ಜಾಗ ಬಂತು: ಹೊಳೆ ಎದ್ದಿದೆ, ಬಿದ್ದ ಸುಬ್ಬಿ ಕುಂಟುತ್ತಾ ಒಬ್ಬಳೇ ಹೊಗೆಯೊಳಗೆ ಹೋಗುತ್ತಿದ್ದಾಳೆ.

"ಹೋಗುವ ಮುಂಚೆ ಒಂದು ಸಲ ತಿರುಗಿ ನೋಡಿದಳು ಅತ್ತೆ," ಎಂದೆ.

"ಒಂದಲ್ಲ ಕಣೇ, ಎರಡು ಸಲ."

ನಾನು ನಿಂತೆ. ಮುನಿಯತ್ತೆಯ ಕಣ್ಣು ಮುಚ್ಚಿಯೇ ಇತ್ತು, ಆದರೆ ತುಟಿ ಬಿಗಿದುಕೊಂಡಿತ್ತು. ಅವಳು ನಿದ್ದೆ ಮಾಡಿರಲಿಲ್ಲ. ಒಂದು ಗಳಿಗೆಯೂ ಮಾಡಿರಲಿಲ್ಲ. ಕಂತನ್ನು ಪೂರ್ತಿ ನೋಡಿ, ನೋಡದವಳ ಹಾಗೆ ನನ್ನ ಹತ್ತಿರ ಬಂದಿದ್ದಳು.

"ಯಾಕೆ ನಿಲ್ಲಿಸಿದೆ?" ಎಂದಳು. "ಆಮೇಲೆ?"

"ಎರಡು ಸಲ ತಿರುಗಿ ನೋಡಿದಳು," ಎಂದು ಮುಂದುವರಿಸಿದೆ.

ಹಿಂದಿನವರೇ, ನಿಮ್ಮಲ್ಲಿ ಒಂದೇ ಕೋರಿಕೆ. ಈ ಕಥೆಯನ್ನು ಓದಿ ಸಂತೋಷಪಡಿ, ಆದರೆ ಎಲ್ಲಿಯೂ ಬರೆದಿಡಬೇಡಿ, ಅಚ್ಚು ಹಾಕಿಸಬೇಡಿ, ಕಲ್ಲಿನ ಮೇಲಂತೂ ಕೊರೆಸಬೇಡಿ. ನೀವು ಬಿಟ್ಟುಹೋದ ಪ್ರತಿಯೊಂದು ಕಾಗದವನ್ನೂ ಹುಡುಕಿ ಓದುವ ಹುಚ್ಚಿನವರು ಇಲ್ಲಿ ತುಂಬ ಇದ್ದಾರೆ, ಮತ್ತು ಐದನೆಯ ಓಣಿಯಲ್ಲಿ ಎಷ್ಟೋ ಜನರ ಸರದಿ ಇನ್ನೂ ಬಂದಿಲ್ಲ.

ನಿಮ್ಮ,
ಪದುಮಿ