ಲೆಕ್ಕದ ದಿನಚರಿಯಲ್ಲಿ ನಾಲ್ಕನೆಯ ಜ್ವರ

ಸಾದಲಿ
೧೪-೯-೧೯೫೮

ಚಿ॥ ಸೌ॥ ಲಕ್ಷ್ಮೀನರಸಮ್ಮನಿಗೆ ಅಪ್ಪನ ಆಶೀರ್ವಾದ.

‘ಉಭಯ ಕುಶಲೋಪರಿ’ ಎಂದು ಬರೆಯಲು ನಿನ್ನ ಕುಶಲ ನನಗೆ ತಿಳಿದಿರಬೇಕು. ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯದವನಿಗೆ ಅದು ಹೇಗೆ ತಿಳಿದೀತು? ಸದ್ಯಕ್ಕೆ ಏಕ ಕುಶಲೋಪರಿ. ತಪ್ಪು ನನ್ನದೇ.

ಜೂನ್‌ನಲ್ಲಿ ಈ ಊರಿಗೆ ವರ್ಗವಾಗಿ ಬಂದವನು ಐದನೇ ಕ್ಲಾಸಿನಲ್ಲಿ ಒಂದು ಘನಕಾರ್ಯ ಆರಂಭಿಸಿದ್ದೇನೆ. ಅದರ ಹೆಸರು ಲೆಕ್ಕದ ದಿನಚರಿ. ಮಕ್ಕಳು ಲೆಕ್ಕ ಮಾಡಿದರೆ ಸಾಲದು. ಏನು ತಿಳಿಯಿತು, ಎಲ್ಲಿ ತಲೆ ಕೆಟ್ಟಿತು ಎಂದು ದಿನವೂ ಮೂರು ಸಾಲು ಬರೆಯಬೇಕು. ಹೆಡ್‌ಮೇಷ್ಟ್ರು, “ಲೆಕ್ಕಕ್ಕೂ ಪ್ರಬಂಧಾನಾ ನರಸಿಂಹಪ್ನೋರೇ? ನಾಳೆ ಡ್ರಿಲ್ಲಿಗೂ ಪದ್ಯ ಬರೆಸ್ತೀರೇನು?” ಎಂದರು. ಯೋಚಿಸುತ್ತೇನೆ ಎಂದೆ.

ಮೊದಲ ವಾರ ಎಲ್ಲರೂ ಬರೆದದ್ದು ಒಂದೇ: ‘ಮೇಷ್ಟ್ರು ಚೆನ್ನಾಗಿ ಹೇಳಿಕೊಟ್ಟರು.’ ಇಷ್ಟು ದೊಡ್ಡ ಸುಳ್ಳನ್ನು ಮೂವತ್ತು ಜನ ಒಟ್ಟಿಗೆ ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಅಕ್ಕಯ್ಯಮ್ಮ ಎಂಬ ಹುಡುಗಿ ಮಾತ್ರ ನಿಜ ಬರೆದಳು: ‘ಭಾಗಾಕಾರ ನನಗೆ ಬರುವುದಿಲ್ಲ. ಮನೆಯಲ್ಲಿ ನಲವತ್ತೆಂಟು ಕುಕ್ಕೆ ಸೊಪ್ಪು, ಹನ್ನೆರಡು ತಟ್ಟೆ. ತಟ್ಟೆಗೆ ನಾಲ್ಕು ಹಾಕಿದೆ.’ ಬರದ ಭಾಗಾಕಾರ ಹೀಗಿದ್ದರೆ, ಬಂದ ಮೇಲೆ ನನ್ನ ಗತಿಯೇನು!

ಮಾರನೆಯ ದಿನ ಪುಸ್ತಕ ಮಾತ್ರ ಗೆಳತಿಯ ಕೈಲಿ ಬಂತು. ‘ಮನೆಯಲ್ಲಿ ನಾಲ್ಕನೇ ಜ್ವರ. ಲೆಕ್ಕ ಮಾಡಲಿಲ್ಲ.’ ಮೂರು ಜನ ಆಗಲೇ ಮಲಗಿದ್ದಾರೆಂದು ಗಾಬರಿಯಾಗಿ, ಕ್ವಿನೈನ್ ಗುಳಿಗೆ ಕಟ್ಟಿಕೊಂಡು ಅವರ ಮನೆಗೆ ಹೋದೆ.

“ಜ್ವರಮಾ? ಎವರಿಕಿ?” ಎಂದು ತಾಯಿ ತೆಲುಗಿನಲ್ಲಿ, ಯಾರಿಗೆ ಜ್ವರವೆಂದು ನನ್ನನ್ನೇ ಕೇಳಿದಳು. ತಂದೆ ನಲ್ಲಪ್ಪ ಗುಳಿಗೆ ನೋಡಿ ಬಿದ್ದು ಬಿದ್ದು ನಕ್ಕ. “ಹುಳಕ್ಕೆ ಸ್ವಾಮಿ ಜ್ವರ! ಯಾವ ಸೀಮೆಯೋರು ನೀವು?” ರೇಷ್ಮೆಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆ. ವಿದುರಾಶ್ವತ್ಥದವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಾಲ್ಕನೆಯದು ಕಡೆಯ ಜ್ವರ. ಎದ್ದ ಮೇಲೆ ಹುಳಗಳಿಗೆ ಹಗಲಿರುಳು ಸೊಪ್ಪು ಹಾಕಬೇಕು. ಅದಕ್ಕೆ ಮನೆಯವರೆಲ್ಲ ಬೇಕು.

“ಈ ಬೆಳೆ ಮುಗಿದ್ಮೇಲೂ ಇವಳನ್ನ ಕಳ್ಸಲ್ಲ ಮೇಷ್ಟ್ರೇ. ಹೆಣ್ಣಿಗೆ ಇಷ್ಟು ಸಾಕು,” ಎಂದ ನಲ್ಲಪ್ಪ.

ಜೊತೆಗೆ ತಂದಿದ್ದ ದಿನಚರಿಯ ಹಿಂದಿನ ಪುಟವೊಂದನ್ನು ಅವಳಿಂದಲೇ ಓದಿಸಿದೆ. ‘ಅಪ್ಪ ಕಣ್ಣಳತೆಯಲ್ಲಿ ಸೊಪ್ಪು ಹಾಕುತ್ತಾನೆ. ಕೊನೆಯ ಎರಡು ತಟ್ಟೆಗೆ ಯಾವಾಗಲೂ ಕಡಿಮೆ. ಆ ಹುಳ ಸಣ್ಣ.’

ನಲ್ಲಪ್ಪ ಎದ್ದು ಹೋಗಿ ಆ ಎರಡು ತಟ್ಟೆ ನೋಡಿದ. “ನನ್ನ ಮೇಲೇ ಬರ್ದಿದೀಯೇನಮ್ಮ?” ಎಂದ. ಬೈಯಲಿಲ್ಲ. ಕಳಿಸುತ್ತೇನೆ ಎಂದೂ ಹೇಳಲಿಲ್ಲ. ಬರುವ ಭಾನುವಾರ ಮತ್ತೆ ಹೋಗಬೇಕು.

ಚಿಂತಾಮಣಿಯಲ್ಲಿ ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ಮಗುವಿಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂದೆ,
ನರಸಿಂಹಪ್ಪ

ಮರೆತಿದ್ದೆ: ನಾನು ಹೊರಡುವಾಗ ನಲ್ಲಪ್ಪ, “ನಿಮ್ಮ ಮಗಳು ಎಷ್ಟು ಓದವ್ಳೆ?” ಎಂದು ಕೇಳಿದ. ಐದನೆಯದಕ್ಕೆ ಬಿಡಿಸಿದೆ, ತಮ್ಮನನ್ನು ಎತ್ತಿಕೊಳ್ಳಲು ಜನ ಬೇಕಿತ್ತು ಎಂದೆ. “ಮತ್ತೆ?” ಎಂದ. ಅಷ್ಟೇ. ನೀನು ಲೆಕ್ಕದ ಪುಸ್ತಕದ ಅಂಚಿನಲ್ಲಿ ‘ಅಪ್ಪ, ಇದು ಯಾಕೆ ಹೀಗೆ?’ ಎಂದು ಬರೆಯುತ್ತಿದ್ದೆ. ಪುಸ್ತಕ ಗಲೀಜು ಎಂದು ನಾನು ಎರಡು ಅಂಕ ಕಳೆಯುತ್ತಿದ್ದೆ. ದಿನಚರಿ ಹೊಳೆದದ್ದು ಅಲ್ಲಿಂದಲೇ. ಅವನಿಗೆ ಏನು ಹೇಳಲಿ? ಮರುಟಪಾಲಿಗೆ ಬರೆ. ಅಂಚಿನಲ್ಲಾದರೂ ಬರೆ. ಅಂಕ ಕಳೆಯುವುದಿಲ್ಲ.