ಗೋಡೆಗೆ ಮುಖ

ಥಾರ್ನ್‌ಗಿಲ್ ಹಾಲ್, ಯಾರ್ಕ್‌ಶೈರ್
ನವೆಂಬರ್ 6, 1893. ಬೆಳಿಗ್ಗೆ

ಗಂಟೆ ಬಾರಿಸಿತು, ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತೆವು. ಪಕ್ಕದಲ್ಲಿ ಬಟ್ಲರ್ ಪಾಡ್‌ಮೋರ್. ಆಚೆ ಅಡುಗೆಯವಳು, ಕೈಯಲ್ಲಿ ಬಿಸಿ ಗಂಜಿ. ಬೆನ್ನ ಹಿಂದೆ ಪಪ್ಪ ಹಾದುಹೋದರು. ಲಾರ್ಡ್ ಥಾರ್ನ್‌ಗಿಲ್ ಆದ ಪಪ್ಪನನ್ನು ಯಾರೂ ನೋಡಕೂಡದು— ಅಮ್ಮ ತೀರಿಕೊಂಡಾಗಿನಿಂದ ಈ ಮನೆಯ ಶಾಸನ. ಆಗ ನನಗೆ ಎಂಟು. ಈಗ ಹತ್ತೊಂಬತ್ತು. ಪಪ್ಪನ ಬೂಟಿನ ಸದ್ದು ಚೆನ್ನಾಗಿ ಗೊತ್ತು. ಗೋಡೆಯ ಬಿರುಕುಗಳು ಇನ್ನೂ ಚೆನ್ನಾಗಿ.

ನವೆಂಬರ್ 9

ಚಿಕ್ಕಪ್ಪ ಸೆಪ್ಟಿಮಸ್ ಬಂದಿದ್ದಾರೆ. ಜೊತೆಗೊಬ್ಬ ಡಾಕ್ಟರ್, ಹ್ಯಾಲೋಸ್ ಅಂತೆ. ಅವರು ಪಪ್ಪನನ್ನು ಕಣ್ಣಾರೆ ನೋಡಿ ಹುಚ್ಚು ಎಂದು ಬರೆದುಕೊಟ್ಟರೆ ಪಪ್ಪ ಹುಚ್ಚಾಸ್ಪತ್ರೆಗೆ, ಮನೆ ಚಿಕ್ಕಪ್ಪನಿಗೆ.

"ನಿಮ್ಮಪ್ಪನ ಒಳ್ಳೇದಕ್ಕೇ ಕಣೇ ವಿನ್ನಿ," ಅಂದರು ಚಿಕ್ಕಪ್ಪ. ಅನ್ನುತ್ತಲೇ ಕಿಟಕಿಯ ಪರದೆ ಅಳೆಯುತ್ತಿದ್ದರು.

ನವೆಂಬರ್ 10. ಮಧ್ಯಾಹ್ನ

ಪಪ್ಪ ಹಾದುಹೋಗುವ ಜಾಗದಲ್ಲೇ ಚಿಕ್ಕಪ್ಪ ಡಾಕ್ಟರನ್ನು ನಿಲ್ಲಿಸಿದರು. ಗಂಟೆ ಬಾರಿಸಿತು. ಎಲ್ಲರೂ ತಿರುಗಿದೆವು. ಡಾಕ್ಟರೂ ತಿರುಗಿದರು.

"ನೀವ್ಯಾಕ್ರೀ ತಿರುಗಿದ್ರಿ?" ಚಿಕ್ಕಪ್ಪನ ಮುಖ ಕೆಂಪು.

"ಲಾರ್ಡ್ ಮನೆ ಪದ್ಧತಿ ಅಲ್ವೆ? ಎಲ್ರೂ ತಿರುಗಿರೋವಾಗ ನಾನೊಬ್ನೇ ಒರಟನ ಹಾಗೆ ನಿಲ್ಲೋದಾ? ಅಷ್ಟಕ್ಕೂ, ನೀವೂ ತಿರುಗಿದ್ರಿ."

"ಒಳ್ಳೇ ಮನೆತನದವರು, ಅಮ್ಮಾವ್ರೇ," ಪಾಡ್‌ಮೋರ್ ನನ್ನ ಕಿವಿಯಲ್ಲಿ ಗಂಭೀರವಾಗಿ ಅಂದ.

ನಗು ಬಂತು... ಹೆಚ್ಚು ಹೊತ್ತು ಉಳಿಯಲಿಲ್ಲ. ನಾಳೆ ಬೆಳಗಿನ ತಿಂಡಿಗೆ ಪಪ್ಪ ಮೇಜಿಗೇ ಬರಬೇಕಂತೆ. ಬರದಿದ್ದರೆ ಚಿಕ್ಕಪ್ಪ ಕೋಣೆಯ ಬಾಗಿಲು ಒಡೆಸುತ್ತಾರಂತೆ. ಶಾಯಿ ಚೆಲ್ಲಿತು.

ನವೆಂಬರ್ 11

ಪಪ್ಪ ಬಂದರು. ಯಾರೂ ತಿರುಗಲಿಲ್ಲ— ಚಿಕ್ಕಪ್ಪನ ಅಪ್ಪಣೆ. ನಾನು ತಟ್ಟೆಯನ್ನೇ ನೋಡುತ್ತ ಕೂತೆ. ಧೈರ್ಯ ಸಾಲಲಿಲ್ಲ.

"ಯಾರಿವನು? ನನ್ನ ಮೀನು ಯಾಕೆ ತಿಂತಿದಾನೆ?" ಪಪ್ಪ ಕೇಳಿದ್ದು ಡಾಕ್ಟರ ಬಗ್ಗೆ.

ಡಾಕ್ಟರಿಗೆ ಎಷ್ಟು ಸಮಾಧಾನ. ಇಂಥ ಸೊಕ್ಕು ಬುದ್ಧಿ ಸ್ಥಿಮಿತದಲ್ಲಿದ್ದವರಿಗೆ ಮಾತ್ರ ಸಾಧ್ಯವಂತೆ. ಬದುಕಿದೆವು ಅಂದುಕೊಂಡೆ.

"ಮತ್ತೆ ಈ ಹೆಂಗಸು?"

ನನ್ನನ್ನೇ ಕೇಳಿದ್ದು.

ಡಾಕ್ಟರ್ ಪೆನ್ನು ತೆಗೆದರು. "ಸ್ವಂತ ಮಗಳ ಗುರುತೇ ಇಲ್ಲ, ಬರ್ಕೊಳ್ಳಿ," ಚಿಕ್ಕಪ್ಪ ಮೆಲ್ಲಗೆ ಅಂದರು.

"ಮಗಳಾ? ನಮ್ಮ ವಿನ್ನಿ ಇಷ್ಟೆತ್ತರ ಕಣಯ್ಯ." ಪಪ್ಪನ ಅಂಗೈ ಅವರ ಸೊಂಟದ ಬಳಿ ಗಾಳಿಯಲ್ಲಿ ನಿಂತಿತು.

ಹೇಗೆ ಎದ್ದೆನೋ. ಹೋಗಿ ಮಂಡಿಯೂರಿ ಆ ಕೈಯ ಕೆಳಗೆ ತಲೆಯಿಟ್ಟೆ. ಕೈ ಅಲುಗಲಿಲ್ಲ. ಪೆನ್ನು ಕಾಗದದ ಮೇಲೆ ಒಮ್ಮೆ ಗೀಚಿದ್ದು ಕೇಳಿಸಿತು. ಆಮೇಲೆ ಬೆರಳುಗಳು ಕೂದಲು ತಡವಿದವು, ಕಳೆದುಹೋದ ಸಾಮಾನಿನ ಗುರುತು ಹಿಡಿಯುವವರ ಹಾಗೆ...

"ಹೂಂ. ಸರಿಯಾಗಿದೆ. ಏಳು ಪುಟ್ಟಿ, ನೆಲ ತಣ್ಣಗಿದೆ."

ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿದರು. "ಇವರನ್ನ ಹುಚ್ಚರು ಅಂದ್ರೆ ಅರ್ಧ ಇಂಗ್ಲೆಂಡನ್ನ ಕೂಡಿಹಾಕ್ಬೇಕಾಗತ್ತೆ, ಸರ್. ನನ್ನ ಗಾಡಿ ಕಟ್ಟಿಸಿ."

ಚಿಕ್ಕಪ್ಪ ಏನೋ ಕೂಗಾಡಿದರು, ಕೇಳಿಸಿಕೊಳ್ಳಲಿಲ್ಲ. ಆಗ ತಲೆ ಎತ್ತಿದೆ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ. ಪಪ್ಪನ ಮುಖ— ಗೋಡೆಗಿಂತ ಹೆಚ್ಚು ಬಿರುಕುಗಳು, ಒಂದೂ ನನಗೆ ಗೊತ್ತಿಲ್ಲದ್ದು.